ಉಮ್ಮನ ಮಗನ ಕಿತಾಬು

ಕುಟ್ಟದ ಹತ್ತಿರದ ಒಂದು ಶಾಲೆಗೆ ಮೇಷ್ಟ್ರಾಗಿ ಹೋದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಇದ್ದದ್ದು ಭಾಗಮಂಡಲದ ಕಡೆ, ಆಡುವ ಮಾತು ಅರೆಭಾಷೆ. ಕುಟ್ಟ ಜಿಲ್ಲೆಯ ಇನ್ನೊಂದು ತುದಿ. ಅಲ್ಲಿ ಅಂಗಡಿಯಲ್ಲಿ ಉಪ್ಪು ಕೇಳಬೇಕಾದರೂ ಮಲಯಾಳ ಬೇಕಿತ್ತು.

ಬಾಡಿಗೆಗೆ ಸಿಕ್ಕಿದ್ದು ರಸ್ತೆ ಬದಿಯ ಒಂದು ಹೆಂಚಿನ ಮನೆಯ ಮುಂದಿನ ಕೋಣೆ. ಹಿಂದಿನ ಭಾಗದಲ್ಲಿ ಮನೆಯ ಒಡತಿ ಇದ್ದರು. ಅವರು ಗಂಡ ತೀರಿಹೋದ ಮಾಪಿಳ್ಳೆ ಹೆಂಗಸು, ಮಲಯಾಳ ಆಡುವ ಮುಸ್ಲಿಮರು. ಊರಿಗೆಲ್ಲ ಉಮ್ಮ, ನನಗೂ ಉಮ್ಮ. ಜಗಲಿಯಿಂದ ಒಳಮನೆಗೆ ಒಂದು ಬಾಗಿಲಿತ್ತು, ಅದು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಉಮ್ಮ ಅದರ ಹಿಂದೆ ನಿಂತು ಮಾತಾಡುತ್ತಿದ್ದರು. ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಹೆಂಗಸರು ಹಿತ್ತಲಿಗೆ ಬಂದರೆ ಅವರ ಜೊತೆ ಗಟ್ಟಿಯಾಗಿ ನಗುವುದು ನನಗೆ ಕೇಳುತ್ತಿತ್ತು. ಆದರೆ ಮುಂದಿನ ಅಂಗಳಕ್ಕೆ ಅವರು ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಸಂದಿನಿಂದ ಬರುವ ಒಂದು ಕೈ, ಕೈಯಲ್ಲೊಂದು ತಟ್ಟೆ, ಹಿಂದೆ ಒಂದು ದನಿ. ಬಹಳ ಕಾಲ ನನಗೆ ಉಮ್ಮ ಎಂದರೆ ಅಷ್ಟೇ.

ಅನ್ನ ನಾನೇ ಬೇಯಿಸಿಕೊಳ್ಳುತ್ತಿದ್ದೆ. ಆದರೂ ಅಕ್ಕಿಹಿಟ್ಟಿನ ತೆಳು ರೊಟ್ಟಿ, ಪತ್ತಿರಿ, ತಟ್ಟಿದ ದಿನ ಆ ಕೈ ಹೊರಗೆ ಬರುತ್ತಿತ್ತು. "ಮಾಷೆ, ಬಿಸಿ ಉಂಟು. ನಿಮ್ಮ ಮನೆಯವರಿಗೆ ನಾನು ಹೇಳುದಿಲ್ಲ" ಎಂದು ದನಿ ನಗುತ್ತಿತ್ತು. ರಜೆಗೆ ಊರಿಗೆ ಹೋದಾಗ ಅವ್ವ, "ಅಲ್ಲಿ ತಿಂಬಕೆ ಎಂಥ ಉಟ್ಟು?" ಎಂದು ಕೇಳಿದರೆ ಗಂಜಿ, ಉಪ್ಪಿನಕಾಯಿ ಎನ್ನುತ್ತಿದ್ದೆ. ಪತ್ತಿರಿಯ ಮಾತು ಎತ್ತುತ್ತಿರಲಿಲ್ಲ.

ಆ ಜಗಲಿಗೆ ವಾರಕ್ಕೊಮ್ಮೆ ಪಳ್ಳಿಯ ಮುಸ್ಲಿಯಾರರು ಊಟಕ್ಕೆ ಬರುತ್ತಿದ್ದರು. ಪಳ್ಳಿಯಲ್ಲಿ ನಮಾಜು ನಡೆಸಿ ಮಕ್ಕಳಿಗೆ ಓದು ಕಲಿಸುವ ಮುಸ್ಲಿಯಾರರಿಗೆ ಜಮಾತಿನ ಮನೆಗಳು ಸರದಿಯಲ್ಲಿ ಊಟ ಹಾಕುವುದು ಅಲ್ಲಿಯ ಪದ್ಧತಿ. ಇವರು ವಯನಾಡಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ತುಸು ಚಿಕ್ಕವರೇ ಇರಬೇಕು. ಗಡ್ಡ ಇನ್ನೂ ಸರಿಯಾಗಿ ತುಂಬಿರಲಿಲ್ಲ. ದೊಡ್ಡ ಪಳ್ಳಿಯೊಂದರಲ್ಲಿ ವರ್ಷಗಟ್ಟಲೆ ಕೂತು ಅರಬ್ಬಿಯನ್ನು ಅರ್ಥಸಹಿತ ಓದಿದ್ದರು. ಊರಿನ ಉಳಿದವರು ಅರಬ್ಬಿ ಅಕ್ಷರ ಕೂಡಿಸಿ ಓದಬಲ್ಲವರೇ ಹೊರತು ಅರ್ಥ ಬಲ್ಲವರಲ್ಲ. ಉಮ್ಮನೂ ಹಾಗೆಯೇ. ನಾವಿಬ್ಬರೂ ಹೊರಗಿನಿಂದ ಬಂದವರು, ಒಂಟಿಗಳು, ಓದುವ ಚಟದವರು. ಗೋಣಿಕೊಪ್ಪಲಿಗೆ ಹೋದಾಗಲೆಲ್ಲ ನಾನು ಕನ್ನಡ ಪತ್ತೇದಾರಿ ಕಾದಂಬರಿ ತರುತ್ತಿದ್ದೆ. ಅದರ ಕಥೆಯನ್ನು ಅವರಿಗೆ ಹೇಳುತ್ತಿದ್ದೆ. ಅವರು ಬೆರಳು ನೆಕ್ಕುವುದನ್ನು ಮರೆತು ಕೇಳುತ್ತಿದ್ದರು.

ಉಮ್ಮನಿಗೆ ಒಬ್ಬನೇ ಮಗ. ಅವನನ್ನು ನಾನು ಕಂಡಿಲ್ಲ. ಚಿಕ್ಕವನಿದ್ದಾಗ ಓದಿನ ಪಳ್ಳಿ ತಪ್ಪಿಸಿ ಕಾಫಿ ತೋಟದೊಳಗೆ ಅಡಗುತ್ತಿದ್ದನಂತೆ. ಅಕ್ಷರ ಹತ್ತಲಿಲ್ಲ. ಅಪ್ಪ ಹೊಡೆದರು. ಮೀಸೆ ಮೂಡುವ ಹೊತ್ತಿಗೆ ಒಂದು ಸಲ ಹೊಡೆತ ಜಾಸ್ತಿಯಾಗಿ ಮನೆ ಬಿಟ್ಟು ತಲಶ್ಶೇರಿಗೆ ಇಳಿದ, ಅಲ್ಲಿಂದ ಹಡಗು ಹತ್ತಿದ. ಹಡಗಿನ ಅಡಿಗೆ ಮನೆಯಲ್ಲಿ ಕೆಲಸ. ಅಪ್ಪ ಸತ್ತಾಗಲೂ ಬರಲಿಲ್ಲ. ಕೊನೆಗೆ ಮಿಸ್ರದ, ಅಂದರೆ ಈಜಿಪ್ಟಿನ, ಒಂದು ಬಂದರಿನಲ್ಲಿ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ಅವನ ಜೊತೆಗಾರನೊಬ್ಬ ಒಂದು ತಗಡಿನ ಪೆಟ್ಟಿಗೆ ತಂದು ಈ ಜಗಲಿಯಲ್ಲಿಟ್ಟು ಹೋದ. ಪೆಟ್ಟಿಗೆಯಲ್ಲಿ ಅಂಗಿಗಳು, ಕ್ಷೌರದ ಕತ್ತಿ, ಮತ್ತು ಒಂದು ಕಟ್ಟು ಸಣ್ಣ ಪುಸ್ತಕಗಳು. ಪುಸ್ತಕಗಳಿಗೆ ರಟ್ಟು ಇರಲಿಲ್ಲ. ಹಳೆಯವನ್ನು ಕೊಂಡಾಗಲೇ ಇರಲಿಲ್ಲವೋ, ತಂದವನು ಕಿತ್ತನೋ ತಿಳಿಯದು. ಒಳಗೆಲ್ಲ ಅರಬ್ಬಿ ಅಕ್ಷರ.

ಓದನ್ನು ಬಿಟ್ಟು ಓಡಿದ ಮಗ ಕೊನೆಗಾಲದಲ್ಲಿ ಕಿತಾಬು ಹಿಡಿದಿದ್ದ ಎಂದು ಉಮ್ಮ ನಂಬಿದರು. ಅವರಿಗೆ ಉಳಿದಿದ್ದ ಸಮಾಧಾನ ಅದೊಂದೇ. ಪುಸ್ತಕಗಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಯಾರ ತಲೆಯೂ ಅದಕ್ಕಿಂತ ಮೇಲೆ ಬಾರದ ಹಾಗೆ ಗೋಡೆಯ ಎತ್ತರದ ಹಲಗೆಯ ಮೇಲೆ ಇಟ್ಟಿದ್ದರು.

ಅರ್ಥ ಬಲ್ಲ ಈ ಮುಸ್ಲಿಯಾರರು ಬಂದ ಮೇಲೆ ಒಂದು ಮಧ್ಯಾಹ್ನ, ಅವರ ಊಟ ಮುಗಿದು ಕೈ ತೊಳೆದಾದ ಮೇಲೆ, ಬಾಗಿಲ ಸಂದಿನಿಂದ ಹಸಿರು ಗಂಟು ಬಂತು. ನಾನು ಅಲ್ಲೇ ಕೂತು ಶಾಲೆಯ ಹಾಜರಿ ಕೂಡಿಸುತ್ತಿದ್ದೆ.

"ಮುಸ್ಲಿಯಾರೆ, ನೋಡಿ ಹೇಳಿ. ನನ್ನ ಮೋನ್ ಓದ್ತಾ ಇದ್ದ ಕಿತಾಬ್. ಯಾವ ಕಿತಾಬ್ ಅದು?"

ಅವರು ಗಂಟು ಬಿಚ್ಚಿ ಒಂದನ್ನು ತೆರೆದರು. ಓದಿದರು. ಹಾಳೆ ತಿರುಗಿಸಿದರು. ಮತ್ತೊಂದನ್ನು ತೆರೆದರು. ಹುಬ್ಬು ಮೇಲೇರಿತು. ಬಾಯಿ ಸ್ವಲ್ಪ ತೆರೆದೇ ಇತ್ತು.

"ದೀನಿನ ಕಿತಾಬ್ ತಾನೆ?" ಎಂದಿತು ಬಾಗಿಲ ಹಿಂದಿನ ದನಿ. ದೀನು ಎಂದರೆ ಅವರ ಮಾತಿನಲ್ಲಿ ಧರ್ಮ.

ಮುಸ್ಲಿಯಾರರು ಒಂದು ಸಲ ನನ್ನ ಕಡೆ ನೋಡಿದರು. ನನಗೇನೂ ಗೊತ್ತಿರಲಿಲ್ಲ.

"ಒಳ್ಳೇ ಕಿತಾಬ್ ಉಮ್ಮ" ಎಂದರು. "ಒಳ್ಳೇದೇ."

ಬಾಗಿಲ ಹಿಂದೆ ಉಮ್ಮ ಅತ್ತರು. ದೇವರನ್ನು ಹೊಗಳಿದರು. ಗಂಡನ ಹೆಸರು ಹಿಡಿದು, ನೀವು ಸುಮ್ಮನೆ ಹೊಡೆದಿರಿ, ನೋಡಿ ಈಗ, ಎಂದರು.

ಪಳ್ಳಿಯ ದಾರಿಯಲ್ಲಿ ನಾನು ಜೊತೆಗೆ ಹೋದೆ. ಮುಸ್ಲಿಯಾರರು ಬೇಗಬೇಗ ನಡೆಯುತ್ತಿದ್ದರು. ತಿರುವಿನಲ್ಲಿ ನಿಂತರು.

"ಮಾಷೆ, ಅದು ನಿಮ್ಮ ಜಾತಿಯ ಪುಸ್ತಕ."

"ಅಂದರೆ?"

"ಪತ್ತೇದಾರಿ. ಮಕ್ಕಳದ್ದು. ಒಂದು ಅಕ್ಕ, ಒಂದು ತಮ್ಮ, ಒಂದು ಕತ್ತೆ. ಕಳ್ಳನ್ನ ಹಿಡೀತಾರೆ. ಒಂದು ಮುಗಿದ ಮೇಲೆ ಇನ್ನೊಂದು, ಎಲ್ಲದರಲ್ಲೂ ಅವರೇ."

ನಾನು ನಕ್ಕುಬಿಟ್ಟೆ. ಕತ್ತೆ ಎಂದದ್ದಕ್ಕೇ ನಗು ಬಂದದ್ದು. ಅವರು ನಗಲಿಲ್ಲ.

"ಆ ಹೆಂಗಸು ಹಾಗೆ ಕೇಳುವಾಗ ಏನು ಹೇಳೋದು? ನೀವಾದರೆ ಏನು ಹೇಳ್ತಿದ್ದಿರಿ?"

"ಸುಳ್ಳೇನೂ ಹೇಳಲಿಲ್ಲವಲ್ಲ. ಒಳ್ಳೆಯ ಪುಸ್ತಕ ಅಂದಿರಿ. ಒಳ್ಳೆಯದೇ ಇರಬಹುದು" ಎಂದೆ.

"ಅವರು ಕೇಳಿದ್ದು ಬೇರೆ, ನಾನು ಹೇಳಿದ್ದು ಬೇರೆ" ಎಂದರು.

ಮುಸ್ಲಿಯಾರರು ಮುಂದಿನ ಸರದಿಗೆ ಬಂದಾಗ ಉಮ್ಮ ತಾವಾಗಿಯೇ ಒಂದು ಪುಸ್ತಕ ಕಳಿಸಿದರು. "ಅದರ ಅರ್ಥ ತಿಳಿದವರು ಓದಿದ್ರೆ ನನ್ನ ಮೋನಿಗೆ ಪುಣ್ಯ ಸಿಕ್ಕುತ್ತೆ" ಎಂದರು. ಬೇಡ ಎನ್ನಲು ಮುಸ್ಲಿಯಾರರಿಗೆ ಆಗಲಿಲ್ಲ. ಒಯ್ದರು. ಒಯ್ದವರು ಓದಿದರು. ಓದಿದ್ದನ್ನು ಯಾರಿಗಾದರೂ ಹೇಳದೆ ಇರಲಾರದವರು ಅವರು, ನನ್ನ ಹಾಗೆಯೇ. ಹೀಗೆ ನಮ್ಮ ಜಗಲಿಗೆ ಆ ಕಥೆಗಳು ಬಂದವು. ಊಟದ ನಂತರ ಅವರು ದನಿ ತಗ್ಗಿಸಿ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಹೇಳುವರು. ಅಕ್ಕ ತಮ್ಮ ಒಂದು ರೊಟ್ಟಿ ಭಟ್ಟಿಯ ಮೇಲಿನ ಮನೆಯಲ್ಲಿ ಅಜ್ಜನ ಜೊತೆ ಇದ್ದಾರೆ. ಕತ್ತೆ ರೊಟ್ಟಿ ಹೊರುತ್ತದೆ. ಬೆಳಗ್ಗೆ ಮನೆಮನೆಗೆ ರೊಟ್ಟಿ ಹಾಕುವುದರಿಂದ ಯಾವ ಮನೆಯಲ್ಲಿ ಯಾರು ಬಂದರು, ಯಾವ ಬೀಗ ಹೊಸದು, ಎಲ್ಲ ಅವರಿಗೆ ಗೊತ್ತು. ಇನ್ಸ್‌ಪೆಕ್ಟರು ಕೊನೆಯಲ್ಲಿ ಮಾತ್ರ ಬರುತ್ತಾನೆ.

"ನಿಮ್ಮ ಕನ್ನಡದ ಪತ್ತೇದಾರನಿಗೆ ಕಾರ್ ಬೇಕು, ಪಿಸ್ತೂಲ್ ಬೇಕು. ಇವರಿಗೆ ಕತ್ತೆ ಸಾಕು" ಎಂದು ಅವರು ನನ್ನನ್ನು ಕೆಣಕುವರು.

"ಕತ್ತೆ ಓಡುತ್ತಾ ಕಳ್ಳನ ಹಿಂದೆ?"

"ಓಡುದಿಲ್ಲ. ಅದು ನಿಂತಲ್ಲೇ ಕಳ್ಳ ಇರೋದು."

ನಾವು ನಗುತ್ತಿದ್ದೆವು. ಬಾಗಿಲ ಹಿಂದೆ ಏನೂ ಸದ್ದಿರುತ್ತಿರಲಿಲ್ಲ. ಉಮ್ಮ ಪಾತ್ರೆ ತೊಳೆಯಲು ಹೋಗಿರಬೇಕು ಎಂದುಕೊಂಡಿದ್ದೆ.

ಇನ್ನೊಂದು ವಿಷಯ ಮುಸ್ಲಿಯಾರರು ನನಗೆ ತೋರಿಸಿದರು. ಮೊದಲನೆಯ ಪುಸ್ತಕದ ಹಾಳೆಗಳಲ್ಲಿ ಅಕ್ಷರಗಳ ಮೇಲೆ ಕೆಳಗೆ ಪೆನ್ಸಿಲಿನ ಸಣ್ಣ ಗೀಟುಗಳಿದ್ದವು. ಅರಬ್ಬಿಯಲ್ಲಿ ಸ್ವರದ ಗುರುತು ಹಾಕದೆಯೂ ಅಚ್ಚು ಮಾಡುತ್ತಾರೆ. ಬಲ್ಲವರು ಹಾಗೆಯೇ ಓದಿಕೊಳ್ಳುತ್ತಾರೆ, ಕಲಿಯುವವರಿಗೆ ಗುರುತು ಬೇಕು. ಯಾರನ್ನೋ ಕೇಳಿ ಕೇಳಿ ಒಂದೊಂದು ಪದಕ್ಕೂ ಗುರುತು ಹಾಕಿದ್ದ ಕೈ ಅದು. ಗೀಟುಗಳು ಒತ್ತಿ ಹಾಕಿದವು, ಡೊಂಕು. ಎರಡನೆಯ ಪುಸ್ತಕದಲ್ಲಿ ಅವು ಕಡಿಮೆ. ಅದರ ಮುಂದಿನದರಲ್ಲಿ ಇನ್ನೂ ಕಡಿಮೆ.

"ಓದು ಕಲಿತಿದ್ದಾನೆ ಮಾಷೆ" ಎಂದರು. "ಕತ್ತೆ ಕಥೆಯಿಂದ ಕಲಿತಿದ್ದಾನೆ. ನಾನು ಮಕ್ಕಳಿಗೆ ಹೊಡೆದು ಕಲಿಸ್ತೇನೆ."

"ಇದನ್ನು ಉಮ್ಮನಿಗೆ ಹೇಳಿ."

"ಇದನ್ನು ಹೇಳಿದರೆ ಅದನ್ನೂ ಹೇಳಬೇಕಲ್ಲ."

ಹೌದು. ಹಾಗಾಗಿ ಹೇಳಲಿಲ್ಲ.

ಆ ವರ್ಷ ಕಾಫಿ ಪಿಕಿಂಗ್ ನಡೆಯುತ್ತಿದ್ದಾಗ ನನಗೆ ಜ್ವರ ಬಂತು. ಚಳಿ ಹಿಡಿದು ಹಲ್ಲು ಕಟಕಟ ಎನ್ನುತ್ತಿತ್ತು. ಉಮ್ಮ ಬಾಗಿಲ ಹಿಂದಿನಿಂದ ಗಂಜಿ ಕೊಟ್ಟರು, ಮೆಣಸಿನ ಕಷಾಯ ಕೊಟ್ಟರು. ಇಳಿಯಲಿಲ್ಲ. ಮುಸ್ಲಿಯಾರರ ಸರದಿಯ ದಿನ ಅವರನ್ನು ಕೇಳಿದರು.

"ಮಾಷಿಗೆ ಒಂದು ತಾಯಿತ ಬರೆದು ಕೊಡಿ ಮುಸ್ಲಿಯಾರೆ."

"ನಾನು ತಾಯಿತ ಬರೆಯೋದಿಲ್ಲ ಉಮ್ಮ."

"ಅದು ಗೊತ್ತು. ಹಿಂದೆ ಇದ್ದವರು ಬರೀತಿದ್ರು, ನೀವು ಬರೆಯುದಿಲ್ಲ. ಹಾಗಾದ್ರೆ ನನ್ನ ಮೋನಿನ ಕಿತಾಬಿನ ಒಂದು ಹಾಳೆ ಬಿಟ್ಟು ಬಂದಿದೆ. ಬಿಡಿ ಹಾಳೆ ಹಾಗೇ ಬಿದ್ದಿರಬಾರದು. ಅದನ್ನ ಮಡಚಿ ಕಟ್ಟಿದ್ರೆ ತಪ್ಪುಂಟಾ?"

ನಾನು ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದೆ. ಮುಸ್ಲಿಯಾರರ ಮುಖ ನನಗೆ ಸ್ಪಷ್ಟ ಕಾಣುತ್ತಿತ್ತು. ಅವರ ತುಟಿ ಅಲುಗಿತು. ತಪ್ಪು ಎಂದರೆ ಏಕೆಂದು ಕೇಳುತ್ತಾರೆ. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಉಮ್ಮನ ಕೈ ಹೊರಗೆ ಬಂದಿತ್ತು. ಕೈಯಲ್ಲಿ ಒಂದು ಸಣ್ಣ ತಗಡಿನ ತಾಯಿತ, ಕಪ್ಪು ದಾರ. ಹಾಳೆಯನ್ನು ಆಗಲೇ ಮಡಚಿ ಒಳಗೆ ತುಂಬಿಯಾಗಿತ್ತು.

"ಕಟ್ಟಿ ಮುಸ್ಲಿಯಾರೆ, ನಿಮ್ಮ ಕೈಯಿಂದ. ಮಾಷೆ, ಜ್ವರ ಇಳಿಯೋವರೆಗೆ ಬಿಚ್ಚಬೇಡಿ. ಮರಣ ಆದ ಜಾಗಕ್ಕೆ, ಹೆರಿಗೆ ಆದ ಜಾಗಕ್ಕೆ ಹೋಗಬೇಡಿ. ಹೋದ್ರೆ ಅದರ ಬಲ ಹೋಗುತ್ತೆ."

ಮುಸ್ಲಿಯಾರರು ಕಟ್ಟಿದರು. ಅವರ ಬೆರಳು ತಣ್ಣಗಿದ್ದವು. ನಾನು ತೋಳು ಚಾಚಿದೆ. ಬೇಡ ಎನ್ನಬಹುದಿತ್ತು. ದಿನವೂ ಗಂಜಿ ಕೊಟ್ಟ ಕೈ ಅದು.

ಮರುದಿನ ತೋಟದ ಕಾಂಪೌಂಡರ್ ಶಾಲೆಯ ದಾರಿಯಲ್ಲಿ ಸಿಕ್ಕಿ ನನ್ನ ಮುಖ ನೋಡಿ ಬೈದು ಕಹಿ ಮಾತ್ರೆ ಕೊಟ್ಟ. ಉಮ್ಮನಿಗೆ ನೋವಾಗದಿರಲಿ ಎಂದು ಆ ಮಾತ್ರೆಗಳನ್ನು ಶಾಲೆಯಲ್ಲೇ ಇಟ್ಟುಕೊಂಡು ಅಲ್ಲೇ ನುಂಗಿದೆ. ಜ್ವರ ಇಳಿಯಿತು. ತಾಯಿತ ತೋಳಿನಲ್ಲೇ ಇತ್ತು, ಅಂಗಿಯ ತೋಳಿನ ಕೆಳಗೆ ಅರ್ಧ ಕಾಣುತ್ತಿತ್ತು. ಮೇಷ್ಟ್ರಿಗೇ ಗುಣವಾಯಿತು ಎಂದು ಮಾತು ಹಬ್ಬಿತು. ಓದಿದವನು, ಬೇರೆ ಜಾತಿಯವನು, ಅವನೇ ಕಟ್ಟಿಕೊಂಡ ಎಂದ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು? ಕೇಳಿದವರಿಗೆ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹಿತ್ತಲಿಗೆ ಲೈನಿನ ಹೆಂಗಸರು ಬರತೊಡಗಿದರು. ಮಗು ರಾತ್ರಿ ಬೆಚ್ಚುತ್ತದೆ, ಗಂಡನಿಗೆ ಬೆನ್ನು ನೋವು, ಹಸು ಹಾಲು ಕೊಡುವುದಿಲ್ಲ. ಉಮ್ಮ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಪುಸ್ತಕ ಹರಿಯುತ್ತಲೂ ಇರಲಿಲ್ಲ. ರಟ್ಟಿಲ್ಲದ ಪುಸ್ತಕದ ಮೊದಲ ಹಾಳೆ, ಕೊನೆಯ ಹಾಳೆ ತಾವಾಗಿಯೇ ಬಿಡುತ್ತವೆ. ಅವು ಬಿಟ್ಟ ಮೇಲೆ ಒಳಗಿನವು ಹೊರಗಿನವಾಗುತ್ತವೆ. ಹಾಗೆ ಬಿಟ್ಟದ್ದನ್ನು ಮಾತ್ರ ಮಡಚಿ ಕೊಡುತ್ತಿದ್ದರು. ತಮ್ಮ ಮಗನ ಪುಣ್ಯ ಊರಿಗೆಲ್ಲ ಹಂಚಿಹೋಗುತ್ತಿದೆ ಎಂಬ ಸಂತೋಷ ಅವರ ದನಿಯಲ್ಲಿ ಕೇಳುತ್ತಿತ್ತು. ಗಟ್ಟಿಯಾಗಿ ಮಾತಾಡುತ್ತಿದ್ದರು, ಹಾಡಿಕೊಳ್ಳುತ್ತಿದ್ದರು.

ಮುಸ್ಲಿಯಾರರು ಸೊರಗಿದರು. ಸರದಿಗೆ ಬಂದರೆ ಅನ್ನ ಕಲಸಿ ಬಿಡುವರು. ಒಂದು ದಿನ ಕೊನೆಯ ಪುಸ್ತಕದ ಕಥೆಯನ್ನು ಹೇಳುತ್ತ ನಿಲ್ಲಿಸಿದರು. ರೈಲು ಸ್ಟೇಷನ್ನಿನ ದೊಡ್ಡ ಗಡಿಯಾರ ಕಳವಾದ ಕಥೆ.

"ಯಾರು ಕದ್ದದ್ದು?" ಎಂದೆ.

"ಗೊತ್ತಿಲ್ಲ. ಕೊನೆಯ ಹಾಳೆ ಇಲ್ಲ."

ಇಬ್ಬರೂ ನನ್ನ ತೋಳಿನ ಕಡೆ ನೋಡಿದೆವು. ನನ್ನ ತಾಯಿತದ ಹಾಳೆ ಆ ಪುಸ್ತಕದ್ದೇ ಎಂದು ಅದನ್ನು ಕೊಡುವಾಗ ಉಮ್ಮ ಹೇಳಿದ್ದರು. ನಾನು ದಾರಕ್ಕೆ ಕೈ ಹಾಕಿದೆ.

"ಬೇಡ ಮಾಷೆ" ಎಂದರು. "ಅಷ್ಟು ಬೇಡ."

"ಹೇಳಿಬಿಡಿ ಮುಸ್ಲಿಯಾರೆ. ಇದು ಬೆಳೆಯುತ್ತಾ ಹೋಗ್ತಿದೆ."

"ಹೇಳ್ತೇನೆ. ಮುಂದಿನ ಸರದಿಗೆ ಹೇಳ್ತೇನೆ."

ಆ ಮುಂದಿನ ಸರದಿ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ನಾನು ಪ್ರತಿ ಸಲ ಕಾದು ಕೂತೆ. ಪ್ರತಿ ಸಲ ಉಮ್ಮ ಬಾಗಿಲ ಹಿಂದಿನಿಂದ ಯಾರಿಗೋ ಗುಣವಾದ ಸುದ್ದಿ ಹೇಳಿದರು. ಮುಸ್ಲಿಯಾರರು ತಲೆ ತಗ್ಗಿಸಿ ಉಂಡರು.

ಲೈನಿನಲ್ಲಿ ಹೆಗ್ಗಡದೇವನಕೋಟೆ ಕಡೆಯ ಒಬ್ಬ ಹೆಂಗಸಿದ್ದಳು. ಪಿಕಿಂಗಿಗೆ ಬಂದವಳು ಅಲ್ಲೇ ಉಳಿದಿದ್ದಳು. ಅವಳಿಗೆ ಒಂದು ಹೆಣ್ಣು ಕೂಸು, ಆಗಷ್ಟೇ ಮಾತು ಕಲಿಯುತ್ತಿದ್ದ ವಯಸ್ಸು. ತಾಯಿ ತೋಟಕ್ಕೆ ಹೋಗುವಾಗ ದಾರಿಯಲ್ಲಿ ನಮ್ಮ ಅಂಗಳದ ಬೇಲಿ ಹಿಡಿದು ನಿಂತು "ಮೇಟ್ರೇ" ಎಂದು ಕೂಗಿ ಓಡುತ್ತಿತ್ತು. ಕೂಸಿಗೆ ಜ್ವರ ಬಂತು, ಕಿವಿ ಸೋರಿತು. ಅವಳು ಹಿತ್ತಲಿಗೆ ಬಂದು ತಾಯಿತ ಒಯ್ದಳು. ಇದು ನನಗೆ ಆಗಲೇ ಗೊತ್ತಿತ್ತು. ಉಮ್ಮ ಹೇಳಿದ್ದರು.

ಕೆಲವು ದಿನಗಳ ಮೇಲೆ, ಬೆಳಗ್ಗೆ ಮಕ್ಕಳ ಓದು ಮುಗಿಸಿ ಮುಸ್ಲಿಯಾರರು ಲೈನಿನ ದಾರಿಯಾಗಿ ಬರುತ್ತಿದ್ದರು. ನಾನು ಶಾಲೆಗೆ ಹೊರಟವನು ಅಲ್ಲಿ ಸಿಕ್ಕಿದೆ. ಬಾಗಿಲಲ್ಲಿ ಆ ಹೆಂಗಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿನ ಕತ್ತು ಹಿಂದಕ್ಕೆ ಸೆಟೆದಿತ್ತು. ಕಣ್ಣು ಅರ್ಧ ತೆರೆದಿತ್ತು. ಕತ್ತಿನಲ್ಲಿ ತಗಡಿನ ತಾಯಿತ.

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?" ಎಂದೆ.

"ತೋಟದ ರೈಟ್ರು ಲಾರಿ ಕೊಡ್ತೀನಿ ಅಂದ್ರು ಬುದ್ಧಿ. ನಾನೇ ಬ್ಯಾಡ ಅಂದಿ. ಆಸ್ಪತ್ರೇಲಿ ಸಾಯೋರೂ ಅವ್ರೆ, ಹೆರೋರೂ ಅವ್ರೆ. ಅಲ್ಲಿ ವಸ್ಲು ತುಳುದ್ರೆ ತಾಯ್ತದ ಬಲ ಓಯ್ತದಂತಲ್ಲ. ನಿಮ್ಗೆ ಇದ್ರಲ್ಲೇ ವಾಸಿ ಆಯ್ತಲ್ಲ ಮೇಷ್ಟ್ರೇ."

ನಾನು ಅಂಗಿಯ ತೋಳನ್ನು ತಾಯಿತದ ಮೇಲೆ ಎಳೆದುಕೊಂಡೆ.

ಮುಸ್ಲಿಯಾರರು ಕುಕ್ಕರಗಾಲಲ್ಲಿ ಕೂತರು. ಕೂಸಿನ ಕತ್ತಿನ ದಾರವನ್ನು ಹಲ್ಲಿನಿಂದ ಕಡಿದರು. ಅವಳು ಕೂಗಿಕೊಂಡಳು. ಅವರು ತಗಡು ಬಿಡಿಸಿ ಹಾಳೆ ಹರವಿ ಅವಳ ಮುಂದೆ ಹಿಡಿದರು.

"ಇದರಲ್ಲಿ ದೇವರ ಮಾತಿಲ್ಲ ತಾಯಿ. ಇದು ಕಥೆ. ಇಲ್ಲಿ ನೋಡು, ಈ ಸಾಲಿನಲ್ಲಿ ಕತ್ತೆ ರೊಟ್ಟಿ ತಿನ್ನುತ್ತೆ. ಬೇರೇನೂ ಇಲ್ಲ. ನನ್ನ ಮೇಲೆ ಆಣೆ. ಏಳು, ಲಾರಿ ಹತ್ತು."

ಅವಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ನನಗೂ ವಾಸಿಯಾದದ್ದು ಮಾತ್ರೆಯಿಂದ ಎಂದೆ. ಅವಳು ಬಯ್ಯಲಿಲ್ಲ. ಎದ್ದಳು. ಮುಸ್ಲಿಯಾರರು ಕೂಸನ್ನು ಎತ್ತಿಕೊಂಡು ತೋಟದ ಆಫೀಸಿನವರೆಗೆ ಓಡಿದರು. ನಾನು ಹಿಂದೆ ಓಡಿದೆ. ಲಾರಿ ಶ್ರೀಮಂಗಲದ ರಸ್ತೆ ಹಿಡಿದು ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು. ಕೈಯಲ್ಲಿ ಆ ಹಾಳೆ ಹಾಗೇ ಇತ್ತು.

ಅಲ್ಲಿಂದ ನೇರ ನಮ್ಮ ಜಗಲಿಗೆ ಬಂದರು.

"ಇವತ್ತು ಸರದಿ ನಮ್ಮದಲ್ಲವಲ್ಲ ಮುಸ್ಲಿಯಾರೆ?" ಎಂದರು ಉಮ್ಮ ಬಾಗಿಲ ಹಿಂದಿನಿಂದ. "ಗಂಜಿ ಉಂಟು, ಕೂತ್ಕೊಳ್ಳಿ."

"ಊಟಕ್ಕೆ ಬಂದದ್ದಲ್ಲ ಉಮ್ಮ." ಅವರು ಕೂರಲಿಲ್ಲ. ಬಾಗಿಲಿಗೆ ಎದುರಾಗಿ, ನೆಲ ನೋಡುತ್ತ ನಿಂತರು. "ನಿಮ್ಮ ಮೋನಿನ ಕಿತಾಬ್ ದೀನಿನ ಕಿತಾಬಲ್ಲ. ಕಥೆ. ಮಕ್ಕಳು ಓದೋ ಕಥೆ. ಮೊದಲ ದಿವಸ ತೆರೆದಾಗಲೇ ನನಗೆ ಗೊತ್ತಾಯ್ತು. ನಾನು ಹೇಳಲಿಲ್ಲ."

ಒಳಗೆ ಯಾವುದೋ ಪಾತ್ರೆಯನ್ನು ಮೆಲ್ಲನೆ ನೆಲಕ್ಕಿಟ್ಟ ಸದ್ದು.

"ಎಂಥ ಕಥೆ?"

"ಕಳ್ಳರನ್ನ ಹುಡುಕೋ ಕಥೆ."

ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಮಾಷಿಗೆ ಗೊತ್ತಿತ್ತಾ?"

"ಗೊತ್ತಿತ್ತು ಉಮ್ಮ" ಎಂದೆ.

"ನೀವಿಬ್ಬರೂ ಇಲ್ಲಿ ಕೂತು ಮಾತಾಡ್ತಿದ್ರಿ. ನಗ್ತಿದ್ರಿ. ಕಿತಾಬ್ ಓದಿದವರು ಅದರ ಅರ್ಥ ಹೇಳ್ತಾ ಇದ್ದಾರೆ, ಸಂತೋಷಕ್ಕೆ ನಗ್ತಾರೆ ಅಂತ ನಾನು ತಲೆಗೆ ಬಟ್ಟೆ ಎಳೆದುಕೊಂಡು ಈ ಬಾಗಿಲ ಹಿಂದೆ ಕೂತಿರ್ತಿದ್ದೆ. ಸದ್ದು ಮಾಡಬಾರದು ಅಂತ ಪಾತ್ರೆ ಮುಟ್ಟುತ್ತಿರಲಿಲ್ಲ."

ಮುಸ್ಲಿಯಾರರು ಕಂಬ ಹಿಡಿದುಕೊಂಡರು.

"ಕಟ್ಟಿದ ಮಕ್ಕಳಿಗೆ ಏನೂ ಆಗಲಿಲ್ಲ ತಾನೆ?" ಎಂದರು ಉಮ್ಮ. ದನಿ ಈಗ ಬಾಗಿಲಿಗೆ ತೀರ ಹತ್ತಿರವಿತ್ತು.

ಮುಸ್ಲಿಯಾರರು ಲೈನಿನ ಕೂಸಿನ ವಿಷಯ ಹೇಳಿದರು. ಬಾಗಿಲು ಮುಚ್ಚಿತು. ಅದು ಪೂರ್ತಿ ಮುಚ್ಚಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಕೂಸು ಉಳಿಯಿತು. ಎರಡೂ ಕಿವಿಗಳು ಕೇಳದಾದವು. ಮೊದಲೇ ತಂದಿದ್ದರೆ ಎಂದು ಡಾಕ್ಟರು ತಾಯಿಗೆ ಹೇಳಿದರಂತೆ, ವಾಕ್ಯ ಮುಗಿಸಲಿಲ್ಲವಂತೆ. ಮೊದಲೇ ಒಯ್ದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುವುದು ಸುಲಭ, ಹೇಗೆ ಹೇಳಿದರೂ ಅದು ನನ್ನ ಅನುಕೂಲಕ್ಕೆ ಹೇಳಿದಂತೆ ಆಗುತ್ತದೆ. ಅವಳು ತಾಯಿತದ ಬಲ ಹೋದೀತೆಂದು ಆಸ್ಪತ್ರೆಗೆ ಹೋಗಲಿಲ್ಲ. ಅದರ ಬಲಕ್ಕೆ ಸಾಕ್ಷಿ ನಾನಾಗಿದ್ದೆ. ಇಷ್ಟು ಮಾತ್ರ ನಾನು ಕಂಡದ್ದು.

ಜಮಾತಿಗೆ ತಾವು ಊರು ಬಿಡುವುದಾಗಿ ಮುಸ್ಲಿಯಾರರು ತಿಳಿಸಿದರು. ಏಕೆಂದು ಅವರು ಹೇಳಿದ್ದನ್ನು ಕೇಳಿ ಹಿರಿಯರು ಇರಿ ಎಂದರೂ ಒಪ್ಪಲಿಲ್ಲ. ಬದಲಿಯವರು ಬರುವವರೆಗೆ ನಿಂತರು. ಉಮ್ಮನ ಸರದಿಯನ್ನು ಬೇರೆ ಮನೆಯವರು ತೆಗೆದುಕೊಂಡರು. ನನಗೂ ಪತ್ತಿರಿ ಬರಲಿಲ್ಲ. ಬಾಡಿಗೆಯನ್ನು ಹೊಸ್ತಿಲ ಮೇಲಿಟ್ಟು ಬರುತ್ತಿದ್ದೆ. ಕೋಣೆ ಬಿಡಿ ಎಂದು ಅವರು ಹೇಳಲಿಲ್ಲ, ಬಿಡುತ್ತೇನೆ ಎಂದು ನಾನೂ ಹೇಳಲಿಲ್ಲ.

ಮುಸ್ಲಿಯಾರರು ಹೊರಡುವ ವಾರ ಒಂದು ಮಧ್ಯಾಹ್ನ ಬಾಗಿಲು ಮತ್ತೆ ಅರ್ಧ ತೆರೆಯಿತು.

"ಮಾಷೆ, ಅವರನ್ನ ಊಟಕ್ಕೆ ಕರೀರಿ."

ಕರೆತಂದೆ. ಕೈ ಹೊರಗೆ ಬಂತು, ತಟ್ಟೆ ಇಟ್ಟಿತು. ಅವರು ಉಂಡರು, ಅಥವಾ ಉಂಡಂತೆ ಮಾಡಿದರು. ಕೈ ತೊಳೆದ ಮೇಲೆ ದನಿ ಕೇಳಿತು.

"ಒಂದು ಕೇಳ್ತೇನೆ. ಈ ಸಲ ಹೌದಾದ್ರೆ ಹೌದು ಅನ್ನಿ, ಅಲ್ಲ ಅಂದ್ರೆ ಅಲ್ಲ. ನನ್ನ ಮೋನ್ ಅದನ್ನ ಓದಿದ್ದನಾ? ಇಲ್ಲ ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದನಾ?"

"ಓದಿದ್ದಾನೆ" ಎಂದರು ಮುಸ್ಲಿಯಾರರು ತಕ್ಷಣ. ಆಮೇಲೆ ಪೆನ್ಸಿಲ್ ಗೀಟಿನ ವಿಷಯ ಹೇಳಿದರು. ಮೊದಲಲ್ಲಿ ಪದಪದಕ್ಕೂ ಗುರುತು, ಬರಬರುತ್ತ ಕಡಿಮೆ ಎಂದರು. ಯಾರೂ ಹೊಡೆಯದೆ ಅವನು ಕಲಿತಿದ್ದಾನೆ ಎಂದರು.

"ಅವನ ಕೈಯ ಗೀಟಾ? ಎಲ್ಲಿ, ತೋರಿಸಿ."

ಹಸಿರು ಗಂಟು ಹೊರಗೆ ಬಂತು. ಅವರು ಬಿಚ್ಚಿದರು. ಮೊದಲನೆಯ ಪುಸ್ತಕ ಇರಲಿಲ್ಲ. ಅದರ ಒಂದೊಂದು ಹಾಳೆಯೂ ಬಿಟ್ಟು, ಮಡಚಿ, ಊರಿನ ತೋಳು ಕತ್ತುಗಳಿಗೆ ಹೋಗಿಯಾಗಿತ್ತು. ಎರಡನೆಯದರಲ್ಲಿ ನಡುವಿನ ನಾಲ್ಕಾರು ಹಾಳೆ ಉಳಿದಿದ್ದವು, ಅವುಗಳಲ್ಲಿ ಗೀಟಿರಲಿಲ್ಲ. ಅವರು ಉಳಿದವನ್ನು ಮತ್ತೆ ಮತ್ತೆ ತಿರುಗಿಸಿದರು, ಗೀಟಿದ್ದ ಹಾಳೆಗಳೆಲ್ಲ ಬಿಟ್ಟುಹೋಗಿದ್ದವು. ಒಳಗಿನವರಿಗೆ ಅರ್ಥವಾಯಿತು.

"ನನ್ನ ಕೈಯಿಂದಲೇ ಕೊಟ್ಟೆ" ಎಂದರು ಉಮ್ಮ.

"ನಾನು ಹೇಳಿದ್ದರೆ ನೀವು ಕೊಡುತ್ತಿರಲಿಲ್ಲ" ಎಂದರು ಮುಸ್ಲಿಯಾರರು.

ನಾನು ತೋಳಿನ ದಾರ ಬಿಚ್ಚಿದೆ. ಲೈನಿನಿಂದ ಬಂದ ದಿನವೇ ಬಿಚ್ಚಿ ಎಸೆಯಬೇಕಿತ್ತು. ಎಸೆಯಲು ಧೈರ್ಯವಾಗಿರಲಿಲ್ಲ. ತಗಡನ್ನು ಚಾಕುವಿನ ತುದಿಯಿಂದ ಎಬ್ಬಿಸಿ ಹಾಳೆ ತೆಗೆದೆ. ಬೆವರಿಗೆ ಅಂಚು ಹಳದಿಯಾಗಿತ್ತು, ಮಡಿಕೆಯಲ್ಲಿ ಸವೆದಿತ್ತು. ಒಂದು ಪದದ ಮೇಲೆ, ಒಂದೇ ಒಂದರ ಮೇಲೆ, ಪೆನ್ಸಿಲಿನ ಡೊಂಕು ಗೀಟಿತ್ತು.

ಮುಸ್ಲಿಯಾರರು ಬೆರಳಿಟ್ಟು ಆ ಜಾಗ ತೋರಿಸಿ ಬಾಗಿಲ ಸಂದಿಗೆ ಹಿಡಿದರು. ಕೈ ಬಂತು. ಹಾಳೆಯನ್ನು ಹಿಡಿಯುವ ಮೊದಲು ಸೀರೆಯ ಅಂಚಿಗೆ ಬೆರಳು ಒರೆಸಿಕೊಂಡಿತು. ಅದನ್ನು ಒಳಗೆ ಒಯ್ದಿತು. ಆಮೇಲೆ ಹಾಳೆ ಹೊರಗೆ ಬಂತು.

"ಈ ಒಂದು ಪದ ಬಿಟ್ಟು ಉಳಿದದ್ದೆಲ್ಲ ಅವನಿಗೆ ಬರ್ತಿತ್ತಾ?"

"ಬರ್ತಿತ್ತು ಉಮ್ಮ."

"ಓದಿ ಹೇಳಿ. ಅವನು ಓದಿದ್ದನ್ನ ನಾನೂ ಕೇಳ್ತೇನೆ."

ಅವರು ಗಡಿಯಾರದ ಕಥೆಯನ್ನು ಮೊದಲಿನಿಂದ ಸಂಕ್ಷೇಪವಾಗಿ ಹೇಳಿ ಆ ಹಾಳೆಗೆ ಬಂದರು. ನನಗೂ ಅದು ಹೊಸದು. ಗಡಿಯಾರ ಕಳವಾಗಿದೆ ಎಂದು ದೂರು ಕೊಟ್ಟವನು ಸ್ಟೇಷನ್ ಮಾಸ್ತರ. ಅದನ್ನು ಒಯ್ದದ್ದೂ ಅವನೇ. ಕೀಲಿ ಕೊಡುವಾಗ ಕೈತಪ್ಪಿ ಬಿದ್ದು ಒಡೆದಿತ್ತು. ಒಡೆದೆ ಎಂದು ಹೇಳಲು ಬಾಯಿ ಬರಲಿಲ್ಲ. ಬಾವಿಗೆ ಹಾಕಿದ. ಅದಕ್ಕಾಗಿ ನೀರು ಹೊರುವ ಒಬ್ಬ ಬಡವನನ್ನು ಹಿಡಿದು ಕೂಡಿಹಾಕಿದ್ದರು. ಕತ್ತೆ ಬಾವಿಯ ಹತ್ತಿರ ಹೋಗಿ ನಿಂತಿತು.

ಓದುತ್ತ ಓದುತ್ತ ಮುಸ್ಲಿಯಾರರ ದನಿ ಸಣ್ಣದಾಯಿತು. ಕೊನೆಯ ಸಾಲು ನನಗೆ ಸರಿಯಾಗಿ ಕೇಳಲಿಲ್ಲ.

"ಪಾವಂ" ಎಂದರು ಉಮ್ಮ ಒಳಗಿನಿಂದ. ಪಾಪ ಎಂದರ್ಥ. ಮಾಸ್ತರನಿಗೆ ಅಂದರೋ ನೀರಿನವನಿಗೆ ಅಂದರೋ, ನಾವಿಬ್ಬರೂ ಕೇಳಲಿಲ್ಲ.

ಮುಸ್ಲಿಯಾರರು ಹೋದರು. ಆಮೇಲೆ ಅವರನ್ನು ನಾನು ಕಂಡಿಲ್ಲ. ಆ ಹಾಳೆಯನ್ನು ಉಮ್ಮ ಇಟ್ಟುಕೊಂಡರು. ಎತ್ತರದ ಹಲಗೆಯಲ್ಲಲ್ಲ, ಮಗನ ಅಂಗಿಗಳ ಜೊತೆ ಪೆಟ್ಟಿಗೆಯಲ್ಲಿ.

ಕಾಫಿ ಹೂ ಬಿಟ್ಟ ದಿನಗಳು. ಒಂದು ಬೆಳಗ್ಗೆ ನಾನು ಜಗಲಿಯಲ್ಲಿ ಕೂತಿದ್ದೆ. ಲೈನಿನ ಹೆಂಗಸು ತೋಟಕ್ಕೆ ಹೋಗುತ್ತ ಬಂದಳು, ಹಿಂದೆ ಕೂಸು. ಕೂಸು ಅಭ್ಯಾಸದಂತೆ ನಮ್ಮ ಬೇಲಿ ಹಿಡಿದು ನಿಂತಿತು. ಕೂಗಲಿಲ್ಲ. ಬೇಲಿಯ ಮೇಲಿದ್ದ ಯಾವುದೋ ಹುಳುವನ್ನು ನೋಡುತ್ತಿತ್ತು.

"ಮೋಳೆ, ಮಗಳೇ" ಎಂದು ಉಮ್ಮ ಬಾಗಿಲ ಹಿಂದಿನಿಂದ ಕರೆದರು. ಮತ್ತೆ ಕರೆದರು, ಗಟ್ಟಿಯಾಗಿ. ಚಪ್ಪಾಳೆ ತಟ್ಟಿದರು. ಕೂಸು ತಿರುಗಲಿಲ್ಲ.

ಬಾಗಿಲು ಪೂರ್ತಿ ತೆರೆಯಿತು. ಉಮ್ಮ ಹೊರಗೆ ಬಂದರು. ನಾನೆಂದುಕೊಂಡದ್ದಕ್ಕಿಂತ ಗಿಡ್ಡ, ತಲೆಯ ಬಟ್ಟೆಯ ಕೆಳಗೆ ಕೂದಲು ಬೆಳ್ಳಗೆ. ನನ್ನನ್ನು ದಾಟಿ, ಮೆಟ್ಟಿಲಿಳಿದು, ಎಲ್ಲರಿಗೂ ಕಾಣುವ ಅಂಗಳದ ನಡುವೆ ನಡೆದು, ಸುತ್ತಿ ಹೋಗಿ ಕೂಸಿನ ಎದುರಿಗೆ ಕೂತರು. ತಮ್ಮ ಮುಖ ಅದರ ಮುಖದ ಮಟ್ಟಕ್ಕೆ ಬರುವ ಹಾಗೆ ಕೂತರು. ಮಡಿಲಿನಿಂದ ಪತ್ತಿರಿ ತೆಗೆದು ಕೊಟ್ಟರು. ಕೂಸು ಅವರ ತುಟಿಗಳನ್ನು ನೋಡುತ್ತ ತಿಂದಿತು.

ನನಗೆ ವರ್ಗವಾಗುವವರೆಗೂ ಪ್ರತಿ ಬೆಳಗ್ಗೆ ಅವರು ಹಾಗೆ ಹೊರಗೆ ಬಂದರು. ನಾನು ಜಗಲಿಯಲ್ಲಿ ಕೂತಿದ್ದರೂ ಬಂದರು.